ತೊಳೆದ ಪಾತ್ರೆಯಲ್ಲಿ ಬೋರಾನ್

ಎರಡು ಸಾವಿರದ ಇಸವಿ ದಾಟಿದ ಹೊಸತು. ಗುಬ್ಬಿಯಿಂದ ಅಂತರಸನಹಳ್ಳಿಯ ಒಂದು ಸಣ್ಣ ಕೆಮಿಕಲ್ ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಲ್ಯಾಬಿನಲ್ಲಿ ನಾನು, ನನ್ನ ಸೀನಿಯರ್, ಇಬ್ಬರೇ. ಅವರು ತುಮಕೂರು ಪೇಟೆಯವರು, ಮನೆಯವರ ಬಳೆ ಅಂಗಡಿ ಬಿಟ್ಟು ಕೆಮಿಸ್ಟ್ರಿ ಹಿಡಿದ ಮುಸ್ಲಿಮರು; ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಸಾಹೇಬರು. ವರ್ಷಗಟ್ಟಲೆ ಟೆಂಪರರಿ. ಬೋರಾನ್ ಬ್ಯಾಚ್ ಪಾಸಾದರೆ ಪರ್ಮನೆಂಟ್, ಇಲ್ಲದಿದ್ದರೆ ಈ ಕೆಲಸವೇ ಬಂದ್ ಎಂದು ಓನರ್ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಕೆಲಸವೇನೆಂದರೆ, ಒಂದು ಅಣುವಿನಲ್ಲಿರುವ ಬೋರಾನ್ ಗುಂಪನ್ನು ಬಿಡಿಸಿ ಇನ್ನೊಂದಕ್ಕೆ ಕೂರಿಸುವುದು. ಔಷಧಿ ಕಂಪನಿಯವರಿಗೆ ಬೇಕಾಗಿತ್ತು. ಆದರೆ ಬೋರಾನ್ ಮಹಾ ಚಂಚಲ. ಪಾತ್ರೆಯಲ್ಲಿ ನೀರಿನ ಪಸೆಯಿದ್ದರೆ ಸಾಕು, ನಾವು ತೋರಿಸಿದ ಅಣುವನ್ನು ಬಿಟ್ಟು ನೀರಿನ ಜೊತೆ ಹೊರಟುಬಿಡುತ್ತದೆ. ಉಳಿಯುವುದು ಕೇರಂ ಬೋರ್ಡಿಗೆ ಉದುರಿಸುವ ಬಿಳಿ ಬೋರಿಕ್ ಪುಡಿ. ಅದಕ್ಕೇ ಪಾತ್ರೆಯನ್ನು ಕಾಯಿಸಿ ಒಣಗಿಸಿ, ಮುಚ್ಚಳ ಬಿಗಿದು ಆಯುಧಪೂಜೆ ರಜೆಗೆ ಹೋದೆವು.

ಬಂದು ನೋಡಿದರೆ ಪಾತ್ರೆಗೆ ವಿಭೂತಿ, ಚೆಂಡುಹೂವಿನ ಹಾರ. ಮುಚ್ಚಳ ಬಿಗಿದಂತೆಯೇ ಇತ್ತು. ಸಾಹೇಬರು ನಕ್ಕು, ಹಾರವನ್ನು ಮೆಲ್ಲಗೆ ಬಿಡಿಸಿ ಮೊಳೆಗೆ ಹಾಕಿ ಬ್ಯಾಚ್ ಶುರು ಮಾಡಿದರು.

ಸಂಜೆ ಹೊತ್ತಿಗೆ ತಳದಲ್ಲಿ ಬಿಳಿ ಪುಡಿ ಕೂತಿತ್ತು. "ಇನ್ನೊಂದ್ ಸಲ ಟೆಸ್ಟ್ ಮಾಡಮ್ಮ" ಎಂದರು. ಮಾಡಿದೆ. ಬೋರಾನ್ ನಮ್ಮ ಅಣುವಿನ ಮೇಲೆ ಕೂತಿರಲಿಲ್ಲ. ಅವರು ರಿಪೋರ್ಟ್ ಮಡಚಿಕೊಂಡರು. ಓನರ್ ರೂಮಿಗೆ ಹೋಗಿ ಹೊರಬಂದಾಗಲೇ ಅವರ ಕೆಲಸ ಹೋಯಿತೆಂದು ಮುಖ ನೋಡಿಯೇ ತಿಳಿಯಿತು.

ಗೇಟಿನ ಹತ್ತಿರ, ಮಿಷನ್‌ಗಳಿಗೆಲ್ಲ ಪೂಜೆ ಮಾಡಿದ್ದ ಊರ್ಡಿಗೆರೆ ಕಡೆಯ ಕೆಲಸಗಾರ ಓಡಿಬಂದ.

"ಪಾಸಾಯ್ತಾ ಸಾ? ಎಲ್ಲಾ ಮಿಷನ್ ತೊಳ್ದು ನಿಮ್ದೊಂದ್ ಹಂಗೇ ಬುಟ್ರೆ ನಿಮಗ್ ಒಳ್ಳೇದಾಗಲ್ಲ ಅಂತ, ಮುಚ್ಚಳ ತಗ್ದು ಒಳಗೂ ತೊಳ್ದಿದ್ದೆ ಕಣಣ್ಣೋ, ಫಳಫಳ ಅನ್ನಂಗೆ!"

ಪಾತ್ರೆಯೊಳಗೆ ನೀರಿನ ಪಸೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಸಿಟ್ಟು ಬಂತು, ಅವನ ನಗುಮುಖ ನೋಡಿ ಯಾರ ಮೇಲೆ ತೀರಿಸಿಕೊಳ್ಳಲಿ? ಓನರ್ ರೂಮಿನ ಕಡೆ ತಿರುಗಿದೆ. ಸಾಹೇಬರು ಅಡ್ಡ ಬಂದರು.

"ಬೇಡಮ್ಮ. ಹೇಳಿದ್ರೆ ಇವನನ್ನೂ ತೆಗೀತಾರೆ. ನಂದಂತೂ ಉಳಿಯಲ್ಲ," ಎಂದರು ನನಗಷ್ಟೇ ಕೇಳುವಂತೆ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ಪೂಜೆ ಚೆನ್ನಾಗಿತ್ತು ಕಣಯ್ಯ. ನಮ್ ಕೆಮಿಕಲ್ಲೇ ಕೈಕೊಡ್ತು," ಎಂದರು.

ಅವನು ಪೂರ್ತಿ ನಂಬಿದ.

"ಯೋಚ್ನೆ ಮಾಡ್ಬೇಡಿ ಬುಡಿ ಸಾ. ಮುಂದಿನ್ ವರ್ಸ ಇನ್ನೂ ಚೆನ್ನಾಗ್ ತೊಳೀತೀನಿ."

"ಆಯ್ತಪ್ಪ," ಎಂದು ಸಾಹೇಬರು ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿದರು.