ಇಲಿ ಕಾಣುವ ಕಿಟಕಿ

ಕಂಪ್ಲಿಯ ನನ್ನ ತವರಿನಲ್ಲಿ ಬೆಕ್ಕು ಸಾಕುವುದು ಅಂತ ಒಂದು ಕೆಲಸವೇ ಇರಲಿಲ್ಲ. ಅವು ಇರುತ್ತಿದ್ದವು, ಅಷ್ಟೇ. ಕಬ್ಬಿನ ಸೋಗೆಯ ಮೇಲೋ ಎಮ್ಮೆಯ ಮಗ್ಗುಲಲ್ಲೋ ಮಲಗಿದ್ದು, ಹಾಲು ಕರೆಯುವ ಹೊತ್ತಿಗೆ ಬಂದು ಕೂರುತ್ತಿದ್ದವು. ಹೊಸಪೇಟೆಗೆ ಬಂದು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂದು ಬೆಕ್ಕನ್ನು ಬಾಗಿಲು ಹಾಕಿಕೊಂಡು ಸಾಕಬೇಕಾಗಿ ಬಂದಾಗಲೇ, ಬೆಕ್ಕಿಗೆ ಏನು ಬೇಕು ಎಂಬುದು ನನಗೆ ಗೊತ್ತಿಲ್ಲ ಎಂದು ತಿಳಿದದ್ದು.

ನಾವಿದ್ದದ್ದು ಒಂದು ಅಕ್ಕಿ ಮಿಲ್ಲಿನ ಹಿಂದೆ, ಮಹಡಿಯ ಮೇಲೆ. ಅದು ಎಂಬತ್ತರ ದಶಕ. ಕಾಲುವೆ ನೀರಿಗೆ ವರ್ಷಕ್ಕೆ ಎರಡು ಬೆಳೆ ಬರುತ್ತಿತ್ತು. ಸುಗ್ಗಿಯಲ್ಲಿ ಭತ್ತದ ಲಾರಿಗಳು ಮಿಲ್ಲಿನ ಗೇಟಿನಿಂದ ರಸ್ತೆಯ ತಿರುವಿನವರೆಗೆ ಸಾಲುಗಟ್ಟುತ್ತಿದ್ದವು. ನಮ್ಮ ಮನೆಯವರು ಆ ಮಿಲ್ಲಿನ ಗೋದಾಮು ನೋಡಿಕೊಳ್ಳುತ್ತಿದ್ದರು. ಚೀಲಗಳನ್ನು ಒಟ್ಟಿಸುವುದು, ತೇವ ತಗುಲದಂತೆ ಕಾಯುವುದು ಅವರ ಕೆಲಸ. ಇಲಿಗಳನ್ನು ಕೊಲ್ಲುವುದೂ ಅವರದೇ ಕೆಲಸವಾಗಿತ್ತು.

ಭತ್ತ ಹೆಚ್ಚಿದಂತೆ ಇಲಿಗಳೂ ಹೆಚ್ಚಿದ್ದವು. ಮಿಲ್ಲಿನ ಸಾಹುಕಾರರು ಇಲಿ ಪಾಷಾಣದ ಕಪ್ಪು ಪುಡಿ ತರಿಸಿ ಕೊಡುತ್ತಿದ್ದರು. ಮನೆಯವರು ಅದನ್ನು ಹಿಟ್ಟು ಬೆಲ್ಲದ ಜೊತೆ ಕಲಸಿ, ಉಂಡೆ ಕಟ್ಟಿ, ಚೀಲಗಳ ಸಂದಿಯಲ್ಲಿ ಇಟ್ಟು ಬರುತ್ತಿದ್ದರು. ಅಂಥ ದಿನ ಮಿಲ್ಲಿನಲ್ಲೇ ಸ್ನಾನ ಮಾಡಿ ಬಂದಿದ್ದರೂ ಊಟಕ್ಕೆ ಕೂತವರು ಕೈ ಮೂಸಿ ನೋಡಿ, ಎದ್ದು ಹೋಗಿ ಮತ್ತೆ ತೊಳೆಯುತ್ತಿದ್ದರು. ವಿಷ ತಿಂದ ಇಲಿಗಳು ಮಿಲ್ಲಿನ ಒಳಗೇ ಸಾಯುತ್ತಿರಲಿಲ್ಲ. ಓಣಿಗೆ ಬಂದು ತೂರಾಡುತ್ತಿದ್ದವು. ಅವನ್ನು ಹಿಡಿದು ತಿಂದ ಬೆಕ್ಕುಗಳು ಒಂದೊಂದಾಗಿ ಸತ್ತವು.

ನಮ್ಮ ಮೆಟ್ಟಿಲ ಕೆಳಗೆ ಮರಿ ಹಾಕಿದ್ದ ಬೂದು ಬೆಕ್ಕು ಸತ್ತ ದಿನ ನಮ್ಮ ಮಗಳು ಶಾಲೆಯಿಂದ ಬಂದವಳು ಮೇಲೆ ಹತ್ತಲೇ ಇಲ್ಲ. ಆಗ ಅವಳು ಎರಡನೇ ಕ್ಲಾಸು. ಕೆಳಗಿನಿಂದಲೇ ಕೂಗಿದಳು.

"ಅವ್ವಾ, ಇದರವ್ವ ಏಳವಲ್ದು, ಬಾ!"

ಮೂರು ಮರಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದು ತಣ್ಣಗಾದ ತಾಯಿಯ ಹೊಟ್ಟೆಯನ್ನು ಮುಂಗಾಲಿನಿಂದ ಒತ್ತುತ್ತಿತ್ತು. ಅಷ್ಟರಲ್ಲಿ ಮನೆಯವರು ಮಿಲ್ಲಿನಿಂದ ಚಹಾಕ್ಕೆ ಬಂದರು. ನೋಡಿದರು. ಒಂದು ಹಳೆಯ ಗೋಣಿಚೀಲ ತಂದು ಸತ್ತ ಬೆಕ್ಕನ್ನು ಸುತ್ತಿ ಎತ್ತಿಕೊಂಡರು.

"ಮರೀನ್ನ ಮ್ಯಾಲ ತಗೊಂಡು ಹೋಗ್ರಿ," ಅಂದರು. "ಆದ್ರ ಹೊರಗ ಮಾತ್ರ ಬಿಡಬ್ಯಾಡ್ರಿ."

"ಯಾಕಪ್ಪಾ?" ಮಗಳು ಕೇಳಿದಳು.

"ಬ್ಯಾಡ ಅಂದ್ರ ಬ್ಯಾಡ."

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡದೆ ಕಾಲುವೆಯ ದಾರಿ ಹಿಡಿದರು.

ಅದು ಮರಿಯಾಗಿರುವ ತನಕ ಏನೂ ತೊಂದರೆಯಾಗಲಿಲ್ಲ. ಡಾಲ್ಡಾ ಡಬ್ಬಿ ಕತ್ತರಿಸಿ ಮರಳು ತುಂಬಿಟ್ಟೆ, ಬೇಗ ಕಲಿಯಿತು. ಮಗಳ ಲಂಗದ ಅಂಚು ಹಿಡಿದು ನೇತಾಡುತ್ತಿತ್ತು. ದೊಡ್ಡದಾದ ಮೇಲೆ ಕಷ್ಟ ಶುರುವಾಯಿತು. ಅಡುಗೆ ಕೋಣೆಯ ಕಿಟಕಿ ಮಿಲ್ಲಿನ ಹಿಂಗೋಡೆಗೆ ಎದುರಾಗಿತ್ತು. ಆ ಗೋಡೆಯ ಮೇಲಿನ ಪೈಪಿನ ಗುಂಟ ಇಲಿಗಳು ಹಗಲಲ್ಲೇ ಓಡುತ್ತಿದ್ದವು. ಕಿಟಕಿಗೆ ಮನೆಯವರು ತಂತಿ ಜಾಲರಿ ಹೊಡೆದಿದ್ದರು. ಬೆಕ್ಕು ಬೆಳಿಗ್ಗೆಯಿಂದ ಅಲ್ಲೇ ಕೂತು, ಇಲಿ ಕಂಡಾಗಲೆಲ್ಲ ಹಲ್ಲು ಕಟಕಟಿಸಿ, ಜಾಲರಿಗೆ ಹಾರಿ ಬೀಳುತ್ತಿತ್ತು. ಉಗುರಿನ ಬುಡದಲ್ಲಿ ರಕ್ತ ಬರುತ್ತಿತ್ತು. ಆಮೇಲೆ ಬಾಗಿಲ ಹತ್ತಿರ ಬಂದು ಅಳುವುದು. ಅದೂ ಸಾಕಾದರೆ ಹೊಟ್ಟೆಯನ್ನು ನೆಕ್ಕುತ್ತಾ ಕೂರುವುದು. ನೆಕ್ಕಿ ನೆಕ್ಕಿ ಅಲ್ಲಿ ಕೂದಲೇ ಹೋಗಿ, ತೊಗಲು ಕಾಣುತ್ತಿತ್ತು. ಹಾಲು ಹಾಕಿದೆ, ಮೊಟ್ಟೆ ಹಾಕಿದೆ, ಬೈದೆ, ತೊಡೆಯ ಮೇಲೆ ಕೂರಿಸಿಕೊಂಡೆ. ಹಗಲೆಲ್ಲ ಅದರ ಜೊತೆ ಆ ಕೋಣೆಗಳಲ್ಲಿ ಇರುವವಳು ನಾನೊಬ್ಬಳೇ. ಕೆಲವು ಮಧ್ಯಾಹ್ನ ಕಿವಿ ಮುಚ್ಚಿಕೊಂಡು ಕೂತದ್ದುಂಟು.

ಕೆಳಗಿನ ಮನೆಯಲ್ಲಿ ಮನೆ ಮಾಲೀಕರ ತಾಯಿ ಇದ್ದರು. ಒಂದು ದಿನ ಮೆಟ್ಟಿಲ ಬುಡದಲ್ಲಿ ನನ್ನನ್ನು ನಿಲ್ಲಿಸಿದರು.

"ಬೆಕ್ಕು ಅಳೋದು ಮನೀಗೆ ಚಲೋ ಅಲ್ಲವ್ವ. ಹೊರಗ ಬಿಡು. ಕಟ್ಟಿ ಹಾಕಾಕ ಅದೇನು ಆಕಳೇನು?"

"ಹೊರಗ ಪಾಷಾಣ ಐತ್ರೀ ಅಮ್ಮ."

"ಅದರ ಹಣೇಬರಹ. ನೀ ಬರೆದೀಯೇನು?"

ಅವತ್ತು ಸಂಜೆ ನಾನೂ ಅದೇ ಮಾತು ಮನೆಯವರ ಮುಂದೆ ಆಡಿದೆ. "ಹಿಂಗ ಒಳಗ ಕೊರಗಿ ಸಾಯೋದಕ್ಕಿಂತ ಹೊರಗ ಹೋಗ್ಲಿ ಬಿಡ್ರಿ. ನನ್ನ ಕೈಲಿ ನೋಡಾಕ ಆಗವಲ್ದು."

"ನಾ ಇಟ್ಟದ್ದು ತಿಂದು ಇನ್ನೊಂದು ಸಾಯೋದು ಬ್ಯಾಡ," ಅಂದರು. ಆ ಮಾತನ್ನು ಅವರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಮರುದಿನ ಮಿಲ್ಲಿನಿಂದ ಹರಿದ ಗೋಣಿ ತಂದು ಮಂಚದ ಕಾಲಿಗೆ ಬಿಗಿಯಾಗಿ ಸುತ್ತಿದರು, ಬೆಕ್ಕು ಪರಚಲಿ ಅಂತ. ಟ್ರಂಕಿನ ಮೇಲುಗಡೆ ಗೋಡೆಗೆ ಒಂದು ಹಲಗೆ, ಅದರ ಮೇಲೆ ಇನ್ನೊಂದು ಹಲಗೆ ಹೊಡೆದು, ಬೆಕ್ಕು ಚಾವಣಿಯ ತನಕ ಹತ್ತಿ ಕೂರುವ ಹಾಗೆ ಮಾಡಿದರು. ಇಲಿ ಕಾಣದಿರಲಿ ಅಂತ ಕಿಟಕಿಯ ಕೆಳಗಿನ ಅರ್ಧಕ್ಕೆ ನಾನೇ ಹಳೆಯ ಸೀರೆ ಕಟ್ಟಿದೆ. ಆಮೇಲೆ ಗೋಣಿಯಿಂದ ಒಂದು ದಾರ ಎಳೆದು, ತುದಿಗೆ ಬಟ್ಟೆಯ ಚೂರು ಕಟ್ಟಿ, ಅವರು ನೆಲದ ಮೇಲೆ ಕೂತರು.

ಮೊದಲು ಮಗಳು ಆ ದಾರವನ್ನು ತೆಗೆದುಕೊಂಡು ಬೆಕ್ಕಿನ ಮೂಗಿನ ಮುಂದೆ ಕುಣಿಸಿದಳು. ಅದು ಕಣ್ಣೆತ್ತಿಯೂ ನೋಡಲಿಲ್ಲ.

"ಹಂಗಲ್ಲ ಮಗಾ. ಇಲಿ ಎದುರಿಗೆ ಬರತೈತೇನು? ಗ್ವಾಡಿ ಮಗ್ಗಲಾ ಹಿಡಕೊಂಡು ಹೋಗತೈತಿ. ನಿಲ್ಲತೈತಿ. ಮತ್ತ ಹೋಗತೈತಿ."

ಅವರು ದಾರ ಎಳೆದಂತೆ ಬಟ್ಟೆಯ ಚೂರು ಗೋಡೆಯ ಬದಿಗೆ ಸರಿಯಿತು. ನಿಂತಿತು. ಟ್ರಂಕಿನ ಹಿಂದೆ ಮರೆಯಾಗಿ, ಒಂದಿಷ್ಟೇ ಇಣುಕಿತು. ಬೆಕ್ಕು ನೆಲಕ್ಕೆ ಹೊಟ್ಟೆ ಹಚ್ಚಿತು. ಅದರ ಬೆನ್ನು ನಡುಗುವುದನ್ನು ನೋಡಿ ನಾನು ಒಲೆಯ ಮುಂದಿನಿಂದ ಎದ್ದು ಬಂದೆ. ಹಾರಿ ಹಿಡಿದಾಗ ಮಗಳು ಚಪ್ಪಾಳೆ ತಟ್ಟಿದಳು. ಮನೆಯವರು ದಾರ ಬಿಟ್ಟುಕೊಟ್ಟು, ಒಂದು ಒಣ ಮೀನು ಅದರ ಮುಂದೆ ಇಟ್ಟರು. "ಹಿಡದ ಮ್ಯಾಲ ತಿನ್ನಬೇಕು. ಇಲ್ಲಂದ್ರ ಸಮಾಧಾನ ಆಗಂಗಿಲ್ಲ ಅದಕ್ಕ."

ದಿನಾ ಸಂಜೆ ಇದೇ ಆಟವಾಯಿತು. ಬೆಕ್ಕು ಆಡಿ, ತಿಂದು, ಮೈ ನೆಕ್ಕಿಕೊಂಡು ಮೇಲಿನ ಹಲಗೆಯಲ್ಲಿ ಮಲಗುತ್ತಿತ್ತು. ಹೊಟ್ಟೆಯ ಮೇಲೆ ಕೂದಲು ಬಂತು. ಮಿಲ್ಲಿನಿಂದ ದಣಿದು ಬರುವ ಮನುಷ್ಯ ನೆಲದ ಮೇಲೆ ಅಂಗಾತ ಬಿದ್ದು ನಗುವುದನ್ನು ನಾನು ಆ ತಿಂಗಳುಗಳಲ್ಲೇ ಕಂಡದ್ದು.

ಅದನ್ನು ಕೆಡಿಸಿದ್ದು ಕೆಳಗಿನ ಅಮ್ಮನ ಒಂದು ಮಾತು. ಮೇಲೆ ಧಡಧಡ ಓಡಾಟದ ಸದ್ದಿಗೆ ಅವರಿಗೆ ನಿದ್ದೆ ಹಾರುತ್ತಿತ್ತಂತೆ. ಸಿಟ್ಟಿನಲ್ಲಿ ಮಗಳನ್ನು ತಡೆದು, "ತಾಯಿನ್ನ ಕೊಂದಾವ ನಿಮ್ಮಪ್ಪನ. ಈಗ ಮರೀನ್ನ ಆಡಿಸ್ತಾನ," ಅಂದುಬಿಟ್ಟರು.

ಆಟ ನಡೆದಿತ್ತು. ಮಗಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಳು.

"ಇದರವ್ವನ್ನ ನೀನ ಕೊಂದೇನಪ್ಪಾ?"

ಹಂಗೆಲ್ಲ ಅನ್ನಬಾರದು ಅಂತ ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ಹೌದು ಮಗಾ. ಇಲಿಗೆ ಇಟ್ಟಿದ್ದೆ. ಅದು ತಿಂತು."

"ಗೊತ್ತಿತ್ತೇನು, ತಿಂತೈತಿ ಅಂತ?"

"ಗೊತ್ತಿತ್ತು."

ಮಗಳು ಬಂದು ಅವರ ಕೈಯಿಂದ ದಾರ ಕಿತ್ತುಕೊಂಡಳು. ಅಳಲಿಲ್ಲ. ಆ ದಿನದಿಂದ ಅಪ್ಪನ ಜೊತೆ ಮಾತು ನಿಲ್ಲಿಸಿದಳು. ಅವರು ಬಂದರೆ ಬೆಕ್ಕನ್ನು ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದಳು. ಅವರು ಚಹಾ ಕುಡಿದು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಒಳಗೆ ಅವಳು ದಾರ ಎಳೆಯುವ ಸದ್ದು ಕೇಳುತ್ತಿತ್ತು, ಬೆಕ್ಕು ಹಾರುವ ಸದ್ದು ಕೇಳುತ್ತಿರಲಿಲ್ಲ. ಅದು ಮತ್ತೆ ಬಾಗಿಲಿಗೆ ಬಂದು ಅಳತೊಡಗಿತು.

ಒಂದು ಸಂಜೆ ಮೆಟ್ಟಿಲ ಮೇಲೆ ನಾನೂ ಹೋಗಿ ಕೂತೆ. ಪಾಷಾಣ ಇಡುವುದು ಇನ್ನು ತಮ್ಮ ಕೈಲಿ ಆಗುವುದಿಲ್ಲ ಎಂದು ಸಾಹುಕಾರರಿಗೆ ಹೇಳಿದ್ದಾಗಿ ಅವರು ಹೇಳಿದರು. ಸಾಹುಕಾರರು ಬೈಯಲೂ ಇಲ್ಲವಂತೆ. ಗೋದಾಮಿಗೆ ಬೇರೆಯವನನ್ನು ಹಾಕಿ, ಇವರನ್ನು ಲಾರಿ ಇಳಿಸುವ ಕಡೆಗೆ ಕಳಿಸಿದ್ದರು. ದಿನವಿಡೀ ಬಿಸಿಲಲ್ಲಿ, ಹಮಾಲರ ಜೊತೆ.

"ಮಗಳಿಗೆ ಹೇಳ್ಲೇನ್ರಿ?" ಅಂದೆ.

"ಬ್ಯಾಡ. ಲಂಚ ಕೊಟ್ಟಂಗ ಆಗತೈತಿ." ಅಂದರು, "ಇಲಿ ಸಾಯೋದೇನು ನಿಂತಿಲ್ಲ. ಕೈ ಬ್ಯಾರೆ, ಅಷ್ಟ."

ಸುಗ್ಗಿ ಮುಗಿಯುವ ಹೊತ್ತಿಗೆ ಬೆಕ್ಕಿನ ಹೊಟ್ಟೆ ಮತ್ತೆ ಬೋಳಾಗಿತ್ತು. ಒಂದು ಭಾನುವಾರ ಮಗಳು ಮೆಟ್ಟಿಲಿಗೆ ಬಂದು ಅಪ್ಪನ ಬೆನ್ನ ಹಿಂದೆ ನಿಂತಳು.

"ನನ್ನ ಕೂಡ ಆಡವಲ್ದು ಅದು."

ಅವರು ತಿರುಗಲಿಲ್ಲ.

"ನೀ ಇನ್ನೂ ಇಡ್ತೀಯೇನು, ಪಾಷಾಣ?"

"ನಾ ಇಡಂಗಿಲ್ಲ. ಇಡೋರು ಇಡ್ತಾರ."

"ಹಂಗಾರ ಬಾಗಲಾ ತಗೀಬಾರ್ದು," ಅಂದಳು. ಆಮೇಲೆ, "ಬಾ ಒಳಗ," ಅಂದಳು. ಅದರಲ್ಲಿ ಪ್ರೀತಿ ಇತ್ತು ಅಂತ ನಾನು ಹೇಳಲಾರೆ. ಬೆಕ್ಕಿಗೆ ಅವರು ಬೇಕಾಗಿದ್ದರು, ಅದಕ್ಕೇ ಕರೆದಳು. ಅಪ್ಪಾ ಎಂದು ಅವಳು ಮತ್ತೆ ಕರೆದದ್ದು ಎಷ್ಟೋ ದಿನಗಳ ಮೇಲೆ, ತಾನು ಜ್ವರ ಬಂದು ಮಲಗಿದ್ದಾಗ, ನೀರು ಕೇಳಲು.

ಆ ಬೆಕ್ಕು ಹೊರಗೆ ಒಂದು ಹೆಜ್ಜೆ ಇಡದೆ ಆ ಎರಡು ಕೋಣೆಗಳಲ್ಲೇ ಮುದಿಯಾಯಿತು. ಸುಖವಾಗಿತ್ತೇ ಎಂದು ಕೇಳಿದರೆ, ಸಂಜೆ ಇತ್ತು ಅನ್ನುತ್ತೇನೆ. ಹಗಲಿನ ಮಾತು ನನಗೆ ಗೊತ್ತು. ಹಗಲೆಲ್ಲ ಅದು ಕಟ್ಟಿದ ಸೀರೆಯ ಮೇಲಿನಿಂದ ಕತ್ತು ಚಾಚಿ, ಎದುರಿನ ಪೈಪನ್ನೇ ನೋಡುತ್ತಿರುತ್ತಿತ್ತು. ನಾನು ಅಕ್ಕಿ ಆರಿಸುತ್ತಾ ಅದರ ಪಕ್ಕದಲ್ಲಿ ಕೂರುತ್ತಿದ್ದೆ.