ಟವೆಲ್ಲಿನಡಿಯ ಒಂಬತ್ತು

ಹಾವೇರಿ ಸಂತೆಯ ದನದ ದಲ್ಲಾಳಿ ಟವೆಲ್ಲಿನಡಿ ಬೆರಳೊತ್ತಿ ದರ ಕುದುರಿಸಿದರೆ, ಆತನ ಮಗ ಗುಡದಪ್ಪ ಮಾಸ್ತರರು ರಾಣೆಬೆನ್ನೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಅದೇ ಟವೆಲ್ಲಿನಡಿ ಶಿಷ್ಯರ ಬೆರಳೊತ್ತಿ, ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವ ಯುನಿಕ್ಸಿನ ಸಿಗ್ನಲ್ ಕಲಿಸುತ್ತಾರೆ: "ಪ್ರೋಗ್ರಾಮಿಗೆ ಮಾತಿಲ್ಲ, ಬರೇ ನಂಬರ್. ಹದಿನೈದು ಅಂದ್ರ ಕೆಲಸಾ ಎತ್ತಿಟ್ಟು ಏಳಪಾ ಅಂತ. ಒಂಬತ್ತು ಅಂದ್ರ ಇದ್ದಲ್ಲೇ ಸಾಯಿ." ಪಾಠದಲ್ಲಿ ಹದಿನೈದರ ಗುಣಗಾನ ಮಾಡುವ ಮಾಸ್ತರರು ಕೀಲಿಮಣೆಯಲ್ಲಿ ಒತ್ತುವುದು ಮಾತ್ರ ಒಂಬತ್ತೇ. ಪ್ರೋಗ್ರಾಮು ತುಸು ತಡವರಿಸಿದರೆ ಒಂಬತ್ತು, ಚಹಾ ಬಂದರೆ ಒಂಬತ್ತು, ಮನೆಗೆ ಹೊರಟರೆ ಎಲ್ಲಕ್ಕೂ ಒಂಬತ್ತು. ಮಧ್ಯಾಹ್ನವೆಲ್ಲ ಟೈಪು ಮಾಡಿದ್ದನ್ನು ಹಾಗೆ ಕಳೆದುಕೊಂಡ ಶಿಷ್ಯೆ ಮುಮ್ತಾಜಬಿ ಒಮ್ಮೆ ಕೇಳಿಯೇಬಿಟ್ಟಳು: "ಮೊದಲ ಒಂದು ಮಾತು ಹೇಳಬಾರದೇನ್ರಿ ಸರ್?" ಮಾಸ್ತರರು ಟವೆಲ್ ಕೊಡವಿ ಹೆಗಲಿಗೇರಿಸಿದರು. "ನಾ ಮೇಯಿಸಿದ ಹೋರಿ ಅಪ್ಪ ಮಾರಿದಾಗ ಹೋರಿಯನ್ನೂ ಕೇಳಲಿಲ್ಲ, ನನ್ನೂ ಕೇಳಲಿಲ್ಲ ತಂಗಿ" ಎಂದವರೇ, ಪಕ್ಕದವಳ ಪ್ರೋಗ್ರಾಮಿಗೂ ಒಂಬತ್ತು ಒತ್ತಿದರು.