ಎಡಕ್ಕೆ ಓಡಿದ ಆಟಗಾರ

ಜಪಾನಿನ ಚಿತ್ರಕಥೆಗಳನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸುವ ಪೋರ್ಟ್‌ಲ್ಯಾಂಡಿನ ಎವರೆಟ್ ಕಿಂಬಲ್‌ಗೆ ಅಮೆರಿಕದ ಓದುಗರ ನಾಡಿ ತನಗೊಬ್ಬನಿಗೇ ಸಿಕ್ಕಿದೆಯೆಂಬ ನಂಬಿಕೆ. ಬಲದಿಂದ ಎಡಕ್ಕೆ ಸಾಗುವ ಆ ಪುಟಗಳನ್ನು ಅವನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಅಚ್ಚಿಗೆ ಕಳಿಸುತ್ತಿದ್ದ. "ನಮ್ಮ ಜನ ಹಿಂದುಮುಂದಾಗಿ ಓದೋರಲ್ಲ" ಎನ್ನುತ್ತಿದ್ದ.

ಈ ಸಲದ್ದು ಬೇಸ್‌ಬಾಲ್ ಕಥೆ. ಇದೂ ಮಾರಾಟವಾಗದಿದ್ದರೆ ಕಚೇರಿಗೆ ಬೀಗವೇ ಗತಿ. ಅಚ್ಚಿಗೆ ಹೋಗುವ ಹಿಂದಿನ ದಿನ, ಊಟಕ್ಕೆ ಬಂದ ಮಾವ ಕ್ಲೈಡ್‌ಗೆ ಕರಡು ಪುಟಗಳನ್ನು ಹೆಮ್ಮೆಯಿಂದ ತೋರಿಸಿದ.

"ಇವನ್ಯಾಕಯ್ಯಾ ಚೆಂಡು ಹೊಡೆದು ಎಡಕ್ಕೆ ಓಡ್ತಿದ್ದಾನೆ? ಬಲಕ್ಕಲ್ವಾ ಓಡಬೇಕಾದ್ದು? ಹೆದರಿಕೊಂಡು ಮನೆಗೆ ಹೊರಟನಾ?"

ಎವರೆಟ್ ತಟ್ಟೆ ಸರಿಸಿ ಕರಡನ್ನು ಕಣ್ಣಿನ ಹತ್ತಿರ ಹಿಡಿದ. ಪುಟದ ಜೊತೆಗೆ ಮೈದಾನವೂ ತಿರುಗಿತ್ತು. ಅಮೆರಿಕದ ಜನ ಬೇರೇನನ್ನಾದರೂ ಕ್ಷಮಿಸಿಯಾರು, ಇದನ್ನಲ್ಲ.

ಪುಸ್ತಕ ಜಪಾನಿನ ಕ್ರಮದಲ್ಲೇ ಅಚ್ಚಾಯಿತು. "ಮೂಲವನ್ನು ಮುಟ್ಟಬಾರದು ಅಂತ ನಾನು ಮೊದಲಿನಿಂದಲೂ ಹೇಳ್ತಿದ್ದೆ" ಎಂದು ಎವರೆಟ್ ಕಚೇರಿಯಲ್ಲಿ ಭಾಷಣ ಬಿಗಿದ. ಪ್ರತಿಗಳು ಬಿಸಿ ದೋಸೆಯಂತೆ ಖರ್ಚಾದವು; ಬೀಗದ ಮಾತು ನಿಂತಿತು.

ಮಾವ ಮಾತ್ರ ತಮ್ಮ ಪ್ರತಿಯನ್ನು ಅಭ್ಯಾಸದಂತೆ ಎಡಗಡೆಯಿಂದ ತೆರೆದು, ಒಂದೇ ಪುಟ ನೋಡಿ ಮುಚ್ಚಿದರು.

"ಗೆದ್ದೇಬಿಟ್ರಲ್ಲಯ್ಯಾ! ಇನ್ನೇನಿದೆ ಓದೋಕೆ?"

"ಅಯ್ಯೋ ಮಾವ, ಅದು ಕೊನೇ ಪುಟ!"

"ಆಗ್ಲಿ ಬಿಡು. ಹುಡುಗ ಈಗ ಸರಿಯಾದ ಕಡೆಗೆ ಓಡ್ತಿದ್ದಾನೆ."